ಎರಡಡಿ ಮಣ್ಣು

ಹಾಸನದ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ನೀಲಾಂಬಿಕೆ ಇಪ್ಪತ್ತಮೂರು ವರ್ಷ ಊರೂರಿನವರ ಮಣ್ಣನ್ನು ಪರೀಕ್ಷೆ ಮಾಡಿದ್ದಳು. ತನ್ನ ಮಣ್ಣನ್ನು ಮಾತ್ರ ಮಾಡಿರಲಿಲ್ಲ. ಮಾಡೋಣವೆಂದರೆ ಮಣ್ಣೇ ಇರಲಿಲ್ಲ. ಚನ್ನರಾಯಪಟ್ಟಣದ ಆಚೆ, ಬಿದರಬೋರೆಯಲ್ಲಿ ಅವಳ ತಂದೆ ಗಂಗಾಧರಯ್ಯನವರಿಗಿದ್ದ ಮೂರೂವರೆ ಎಕರೆಯನ್ನು, ಅವಳು ಇನ್ನೂ ಕಾಲೇಜಿನಲ್ಲಿದ್ದಾಗಲೇ, ಕ್ರೋಮೈಟ್ ಅದಿರಿನ ಗಣಿಗೆ ಗುತ್ತಿಗೆ ಕೊಟ್ಟಾಗಿತ್ತು. ಗಣಿಯವರು ಅದಿರು ತೆಗೆದುಕೊಂಡರು. ಬೇಡವಾದ ಹಸಿರುಗಪ್ಪು ಕಲ್ಲನ್ನೂ ಪುಡಿಯನ್ನೂ ಅದರ ಮೇಲೂ ಪಕ್ಕದ ಹೊಲಗಳ ಮೇಲೂ ಸುರಿದರು. ಒಂದು ದಿನ ಶೆಡ್ಡು ಕಿತ್ತುಕೊಂಡು ಹೊರಟೇಹೋದರು. ಉಳಿದದ್ದನ್ನು ಊರವರು ಡಂಪು ಎಂದು ಕರೆದರು. ಅಲ್ಲಿ ಜಾಲಿ ಕೂಡ ಮನಸ್ಸಿಟ್ಟು ಬೆಳೆಯುತ್ತಿರಲಿಲ್ಲ.

ಗಂಗಾಧರಯ್ಯನವರು ತೀರಿಕೊಂಡ ಮೇಲೆ ಹೊಲ ನೀಲಾಂಬಿಕೆಗೂ ತಮ್ಮ ಸಿದ್ದೇಶನಿಗೂ ಜಂಟಿಯಾಗಿ ಬಂದಿತ್ತು. ಸಿದ್ದೇಶ ಚನ್ನರಾಯಪಟ್ಟಣದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ. ಒಂದು ಏಪ್ರಿಲ್ ತಿಂಗಳು ಅವನಿಂದ ಫೋನು ಬಂತು.

“ಅಕ್ಕ, ಡಂಪು ಸರಿ ಮಾಡೋಕೆ ಸರ್ಕಾರದೋರು ಕಂಟ್ರಾಕ್ಟ್ ಕೊಟ್ಟವ್ರೆ. ಭಾನುವಾರ ಬಂದು ಒಂದು ಸೈನ್ ಹಾಕೋಗು.”

ಭಾನುವಾರ ಅವಳು ಬಸ್ಸಿಳಿದು ಬೋರೆ ಹತ್ತಿದಾಗ ಕಂಟ್ರಾಕ್ಟರ್ ಪರಮೇಶ್ ಕಾರಿನ ಬಾನೆಟ್ಟಿನ ಮೇಲೆ ಕಾಗದ ಹರಡಿಕೊಂಡು ನಿಂತಿದ್ದ. ಹೊಳೆನರಸೀಪುರದವನು, ನಗುಮುಖದ ಮನುಷ್ಯ. ಗುಡ್ಡೆ ಮಟ್ಟ ಮಾಡಿ, ಮೇಲೆ ಅರ್ಧ ಅಡಿ ಮಣ್ಣು ಹರಡಿ, ಹುರುಳಿ ಚೆಲ್ಲಿ ಒಪ್ಪಿಸುವುದು ಅವನ ಕೆಲಸ. ಜಮೀನಿನವರು ಸಹಿ ಹಾಕಬೇಕಾದ ಕಾಗದದಲ್ಲಿ, ‘ಸದರಿ ಜಮೀನು ಉಳುಮೆಗೆ ಯೋಗ್ಯವಾದ ಸ್ಥಿತಿಯಲ್ಲಿ ನಮ್ಮ ಸ್ವಾಧೀನಕ್ಕೆ ಬಂದಿರುತ್ತದೆ’ ಎಂದಿತ್ತು. ಕೆಲಸ ಇನ್ನೂ ಶುರುವೇ ಆಗಿರಲಿಲ್ಲ.

“ಅರ್ಧ ಅಡಿ ಸಾಕು ಅಂತ ಯಾರು ಹೇಳಿದ್ದು?” ಎಂದಳು ನೀಲಾಂಬಿಕೆ.

“ಎಸ್ಟಿಮೇಟ್‌ನಲ್ಲಿ ಅಂಗೇ ಐತೆ ಮೇಡಂ.”

“ಪರೀಕ್ಷೆ ಮಾಡಿ ನೋಡಿದಾರಾ?”

ಪರಮೇಶನಿಗೆ ನಗು ಬಂತು. “ಮಣ್ಣು ಆಕಿದ್ಮೇಲೆ ಮಣ್ಣೇ ಅಲ್ವಾ ಮೇಡಂ, ಅದ್ರಲ್ಲಿ ಪರೀಕ್ಷೆ ಏನ್ ಬಂತು?”

ಅವಳು ಸಹಿ ಹಾಕಲಿಲ್ಲ. ಬ್ಯಾಗಿನಲ್ಲಿದ್ದ ಪ್ಲಾಸ್ಟಿಕ್ ಕವರಿಗೆ ಡಂಪಿನ ಪುಡಿಯನ್ನು ಮೂರು ಕಡೆಯಿಂದ ತುಂಬಿಕೊಂಡಳು. ಆ ವಾರ ಕೇಂದ್ರದಲ್ಲಿ ಅದನ್ನು ತಾನೇ ಪರೀಕ್ಷೆಗೆ ಇಟ್ಟಳು. ಸುಣ್ಣದಂಶ ಹೆಸರಿಗಷ್ಟೇ ಇತ್ತು. ಮೆಗ್ನೀಸಿಯಂ ಅದರ ಹತ್ತು ಪಾಲು. ಗಿಡದ ಬೇರಿಗೆ ಆಗದ ಲೋಹಗಳು ಬೇರೆ. ಇಂಥ ಪುಡಿಯ ಮೇಲೆ ಅರ್ಧ ಅಡಿ ಮಣ್ಣೆಂದರೆ ರಾಗಿಯ ಬೇರು ತಿಂಗಳೊಪ್ಪತ್ತಿನಲ್ಲಿ ವಿಷಕ್ಕೆ ಮುಟ್ಟುತ್ತದೆ ಎಂದು ಅವಳಿಗೆ ಅನ್ನಿಸಿತು. ಆದರೆ ಅನ್ನಿಸುವುದು ಬೇರೆ, ತೋರಿಸುವುದು ಬೇರೆ ಎಂಬುದೂ ಅವಳಿಗೆ ಗೊತ್ತಿತ್ತು.

ಈ ಕೆಲಸದ ಉಸ್ತುವಾರಿ ನೋಡುತ್ತಿದ್ದ ಅಧಿಕಾರಿ ಆಶಾರಾಣಿ ಎಂಬವರು ಹಾಸನದಲ್ಲೇ ಕೂರುತ್ತಿದ್ದರು. ನೀಲಾಂಬಿಕೆ ಊಟದ ಬಿಡುವಿನಲ್ಲಿ ಹೋಗಿ ಅವರನ್ನು ಕಂಡಳು. ಆಶಾರಾಣಿ ಸಮಾಧಾನವಾಗಿ ಕೇಳಿಸಿಕೊಂಡರು.

“ನೋಡಿ, ನಿಮ್ಮ ಮಾತನ್ನ ನಾನು ನಂಬ್ತೀನಿ. ಆದ್ರೆ ಸಮಿತಿ ಮುಂದೆ ಮಾತು ನಡೆಯಲ್ಲ, ಅಂಕಿ ಬೇಕು. ಡಿಸೆಂಬರಿನಲ್ಲಿ ಸಭೆ ಇದೆ. ಅಷ್ಟರೊಳಗೆ ತರ್ತೀರಾ?”

“ತರ್ತೀನಿ,” ಎಂದಳು ನೀಲಾಂಬಿಕೆ. ಹೇಗೆ ಎಂದು ಯೋಚಿಸಿದ್ದು ಮೆಟ್ಟಿಲು ಇಳಿಯುವಾಗ.

ಬಿದರಬೋರೆಯಲ್ಲಿ ಸಹಿ ಹಾಕದೆ ಉಳಿದಿದ್ದ ಇನ್ನೊಬ್ಬನೆಂದರೆ ತಿಮ್ಮಪ್ಪ. ಎಪ್ಪತ್ತರ ಹತ್ತಿರದ ಒಕ್ಕಲಿಗ, ಕೆರೆ ಕೆಳಗೆ ಒಳ್ಳೆಯ ಹೊಲವಿತ್ತು. ಡಂಪಿನಡಿ ಎರಡು ಎಕರೆ ಸಿಕ್ಕಿಕೊಂಡಿತ್ತು. ಅವನು ಸಹಿ ಹಾಕದಿದ್ದುದಕ್ಕೆ ವಿಜ್ಞಾನವೇನೂ ಕಾರಣವಲ್ಲ. ನೋಡದೆ ಇರುವುದನ್ನು ನೋಡಿದೆ ಎಂದು ಬರೆದುಕೊಡುವುದು ಅವನ ಜಾಯಮಾನಕ್ಕೆ ಒಗ್ಗುತ್ತಿರಲಿಲ್ಲ, ಅಷ್ಟೆ. ನೀಲಾಂಬಿಕೆ ಅವನ ಜಗಲಿಯ ಮೇಲೆ ಕೂತು ತನ್ನ ಯೋಚನೆ ಹೇಳಿದಳು: ಡಂಪಿನ ಮೇಲೆ ಒಂದೇ ಅಳತೆಯ ನಾಲ್ಕು ಪಟ್ಟಿ ಮಾಡುವುದು, ಆರು ಮಾರು ಉದ್ದ, ಮೂರು ಮಾರು ಅಗಲ. ಮೊದಲನೆಯದಕ್ಕೆ ಮಣ್ಣೇ ಹಾಕುವುದಿಲ್ಲ. ಎರಡನೆಯದಕ್ಕೆ ಅರ್ಧ ಅಡಿ, ಮೂರನೆಯದಕ್ಕೆ ಒಂದಡಿ, ನಾಲ್ಕನೆಯದಕ್ಕೆ ಎರಡಡಿ. ನಾಲ್ಕಕ್ಕೂ ಒಂದೇ ರಾಗಿ, ಒಂದೇ ದಿನ ಬಿತ್ತನೆ, ಒಂದೇ ಗೊಬ್ಬರ.

“ರಾಗಿ ನಂದು, ಕೂರ್ಗೆ ನಂದು,” ಎಂದ ತಿಮ್ಮಪ್ಪ. “ಆದ್ರೆ ಒಂದ್ ಮಾತು ಕಣವ್ವ. ಬೆಳೆ ಏನ್ ಏಳ್ತದೋ ಅದ್ನೇ ಬರ್ಕೋಬೇಕು. ನಿಂಗ್ ಬೇಕಾದ್ದಲ್ಲ.”

“ಇಪ್ಪತ್ತಮೂರು ವರ್ಷದಿಂದ ಅದೇ ಕೆಲಸ ಮಾಡ್ತಿರೋದು ತಿಮ್ಮಪ್ಪಣ್ಣ.”

ಊರ ಪಕ್ಕದಲ್ಲೇ ಕೆರೆಗೆ ನೀರು ತರುವ ಕಾಲುವೆ ತೋಡುತ್ತಿದ್ದರು. ತೋಡಿದ ಮಣ್ಣಿಗೆ ಜಾಗವಿಲ್ಲದೆ ಅವರೇ ಪರದಾಡುತ್ತಿದ್ದರು. ಕೇಳಿದ್ದೇ ತಡ ಕೊಟ್ಟರು. ಸಿದ್ದೇಶ ಗೊಣಗುತ್ತಲೇ ಟ್ರ್ಯಾಕ್ಟರ್ ಗೊತ್ತು ಮಾಡಿದ. ಅರ್ಧ ಅಡಿಯ ಪಟ್ಟಿಗೆ ನಾಲ್ಕು ಲೋಡು, ಒಂದಡಿಗೆ ಏಳು, ಎರಡಡಿಗೆ ಹದಿನಾಲ್ಕು. ಜೆಸಿಬಿ ಬಂದು ಎಲ್ಲವನ್ನೂ ಮಟ್ಟ ಮಾಡಿತು. ಎರಡಡಿಯ ಪಟ್ಟಿ ಮುಗಿದಾಗ ಜಗಲಿಯ ಹಾಗೆ ನುಣ್ಣಗೆ ಕಾಣುತ್ತಿತ್ತು. ಗೆಲ್ಲುವ ಕುದುರೆ ಇದೇ ಎಂದು ನೀಲಾಂಬಿಕೆ ಮನಸ್ಸಿನಲ್ಲೇ ಅಂದುಕೊಂಡಳು.

ಪುಷ್ಯ ಮಳೆಗೆ ಬಿತ್ತಿದರು. ಪ್ರತಿ ಭಾನುವಾರ ಅವಳು ಮೊದಲ ಬಸ್ಸಿಗೆ ಹೊರಟು ಬರುತ್ತಿದ್ದಳು. ಅಡಿಕೋಲು ಹಿಡಿದು ಒಂದೊಂದು ಪಟ್ಟಿಯಲ್ಲೂ ಇಪ್ಪತ್ತು ಪೈರಿನ ಎತ್ತರ, ಬುಡದಲ್ಲಿ ಒಡೆದ ತೆಂಡೆಯ ಲೆಕ್ಕ ಬರೆದುಕೊಳ್ಳುತ್ತಿದ್ದಳು. ಮಣ್ಣಿಲ್ಲದ ಪಟ್ಟಿಯಲ್ಲಿ ಮೊಳಕೆ ಬೆರಳುದ್ದಕ್ಕೆ ಬಂದು ಅರಿಸಿನಕ್ಕೆ ತಿರುಗಿತು. ಅರ್ಧ ಅಡಿಯದು ಮಾತ್ರ ಎಲ್ಲಕ್ಕಿಂತ ಹಸಿರಾಗಿ ಎದ್ದಿತು. ಅದೇ ಹೊತ್ತಿಗೆ ಪಕ್ಕದಲ್ಲಿ, ಸಹಿ ಹಾಕಿದ್ದ ಉಳಿದವರ ಒಂಬತ್ತು ಎಕರೆಯಲ್ಲಿ ಪರಮೇಶನ ಹುರುಳಿಯೂ ಹಸಿರಾಗಿತ್ತು. ಅವನು ಎರಡರ ಮುಂದೆಯೂ ನಿಂತು ಫೋಟೊ ತೆಗೆಸಿಕೊಂಡ.

“ಏನ್ ಮೇಡಂ, ನಿಮ್ಮ ಪರೀಕ್ಷೇಲಿ ನಾವೇ ಫಸ್ಟ್ ಕ್ಲಾಸು!”

“ರಾಗಿ ಇನ್ನೂ ತೆನೆ ಬಿಟ್ಟಿಲ್ಲ ಪರಮೇಶ್,” ಎಂದು ಅವಳು ಅಳತೆ ಮುಂದುವರಿಸಿದಳು.

ಮಘೆ ಮಳೆ ಕೈಕೊಟ್ಟಿತು. ಇಪ್ಪತ್ತೆರಡು ದಿನ ಒಂದು ಹನಿ ಬೀಳಲಿಲ್ಲ. ಹತ್ತನೆಯ ದಿನಕ್ಕೆ ಅರ್ಧ ಅಡಿಯ ಪೈರು ಸುರುಳಿ ಸುತ್ತಿತು, ಹದಿನೈದಕ್ಕೆ ಒಣಹುಲ್ಲಿನ ಬಣ್ಣಕ್ಕೆ ಬಂತು. ಅದು ಅವಳು ಎಣಿಸಿದ್ದೇ. ಎಣಿಸದೆ ಇದ್ದುದು ಎರಡಡಿಯ ಪಟ್ಟಿಯದು. ಒಂದಡಿಯ ಪೈರು ಮಧ್ಯಾಹ್ನ ಬಾಡಿದರೂ ಬೆಳಗ್ಗೆ ಚೇತರಿಸಿಕೊಂಡು ನಿಲ್ಲುತ್ತಿತ್ತು. ಎರಡಡಿಯದು ಬೆಳಗ್ಗೆಯೂ ತಲೆ ಎತ್ತಲಿಲ್ಲ. ಆಮೇಲೆ ಮಳೆ ಬಂತು, ನವೆಂಬರಿನಲ್ಲಿ ಕಟಾವೂ ಆಯಿತು. ತಿಮ್ಮಪ್ಪನ ಅಂಗಳದಲ್ಲಿ ಬೇರೆಬೇರೆಯಾಗಿ ಬಡಿದು ತೂಗಿದಾಗ ಅರ್ಧ ಅಡಿಗೆ ಎರಡು ಕಿಲೋ ಬಂತು. ಒಂದಡಿಗೆ ಎಂಟು. ಎರಡಡಿಗೆ ಆರು.

ನೀಲಾಂಬಿಕೆ ತಕ್ಕಡಿಯನ್ನು ಇನ್ನೊಮ್ಮೆ ನೋಡಿದಳು. ತೂಕ ತಪ್ಪಾಗಿರಲಿಲ್ಲ. ಹೆಚ್ಚು ಮಣ್ಣು ಹಾಕಿದಲ್ಲಿ ಕಡಿಮೆ ಬೆಳೆ ಬಂದಿತ್ತು. ಇದನ್ನು ಹಿಡಿದುಕೊಂಡು ಸಭೆಗೆ ಹೋದರೆ ತನ್ನ ಬಾಯಿಂದಲೇ ಪರಮೇಶನ ಮಾತು ಆಡಿದಂತಾಗುತ್ತದೆ.

ಸಿದ್ದೇಶ ಅಕ್ಕನ ಮುಖ ನೋಡಿದ. “ಅಕ್ಕ, ಅದೊಂದು ಪಟ್ಟಿ ಬಿಟ್ಬುಡು. ಅರ್ಧ ಅಡಿಗೆ ಎರಡು, ಒಂದಡಿಗೆ ಎಂಟು. ಇಷ್ಟು ತೋರ್ಸಿದ್ರೆ ಸಾಕಲ್ವ? ಎರಡಡಿ ಹಾಕಿದ್ವಿ ಅಂತ ಯಾರಿಗ್ ಗೊತ್ತು?”

ಮಾತು ನ್ಯಾಯವಾಗಿಯೇ ಕೇಳಿಸಿತು, ಅದೇ ಅವಳಿಗೆ ಹೆದರಿಕೆ ತಂದದ್ದು. ಅವಳು ಡಂಪಿನ ಕಡೆ ನಡೆದಳು. ತಿಮ್ಮಪ್ಪನೂ ಹಾರೆ ಹೆಗಲಿಗೇರಿಸಿಕೊಂಡು ಹಿಂದೆಯೇ ಬಂದ.

ಒಂದಡಿಯ ಪಟ್ಟಿಯಲ್ಲಿ ಅವನು ಹಾರೆ ಎತ್ತಿ ಹಾಕಿದ. ಅದು ಸರಾಗವಾಗಿ ಇಳಿದು ಕೆಳಗಿನ ಕಲ್ಲುಪುಡಿಗೆ ತಾಗಿತು. ಎರಡಡಿಯ ಪಟ್ಟಿಯಲ್ಲಿ ಹಾಕಿದ. ಗೇಣುದ್ದ ಇಳಿದು ಠಣ್ ಎಂದು ನಿಂತಿತು. ಇನ್ನೊಂದು ಕಡೆ ಹಾಕಿದ. ಅಲ್ಲೂ ಅಷ್ಟೇ.

“ಸಿದ್ದೇಸಾ, ಗುದ್ಲಿ ತಗಂಬಾ.”

ಸಿದ್ದೇಶನೇ ಅಗೆದ. ಅಂಗಡಿಯಲ್ಲಿ ಕೂತು ಅಭ್ಯಾಸವಾದ ಮೈ, ಮೊಣಕಾಲುದ್ದದ ಗುಂಡಿ ತೋಡುವಷ್ಟರಲ್ಲಿ ಅಂಗಿ ನೆನೆದುಹೋಯಿತು. ಗೋಡೆಯಂತೆ ಕೊಚ್ಚಿದ ಬದಿಯಲ್ಲಿ ರಾಗಿಯ ಬೇರು ಎದ್ದು ಕಂಡಿತು: ಗೇಣಾಳದವರೆಗೆ ನೆಟ್ಟಗೆ ಬಂದು, ಅಲ್ಲಿಂದ ಅಡ್ಡಕ್ಕೆ ತಿರುಗಿ, ದಾರಿ ಹುಡುಕುತ್ತ ಚಾಪೆಯ ಹಾಗೆ ಹೆಣೆದುಕೊಂಡಿತ್ತು. ಅದರ ಕೆಳಗಿನ ಮಣ್ಣು ಸುಟ್ಟ ಇಟ್ಟಿಗೆಯಂತೆ ಗಟ್ಟಿ.

“ಮಣ್ಣೇನೋ ಎರಡಡಿ ಆಕ್ದೆ ಕಣವ್ವ,” ಎಂದ ತಿಮ್ಮಪ್ಪ, “ಆದ್ರೆ ಒಂದಡೀಗೆ ಒರಗೆ ನಿಂತೇ ಸುರುದ್ರು, ಇದ್ರ ಮ್ಯಾಲೇ ಅದಿನಾಲ್ಕು ಸಲ ಟ್ರ್ಯಾಕ್ಟ್ರು ಅತ್ತಿ ತುಳೀತು, ಮ್ಯಾಲೆ ಜೆಸಿಬಿ ಓಡಾಡ್ತು. ಅದು ಒಲ ಆಗ್ಲಿಲ್ಲ, ರೋಡ್ ಆಯ್ತು. ಬೇರ್‌ಗೆ ಎಲ್ಲೈತೆ ದಾರಿ?”

ನೀಲಾಂಬಿಕೆ ಗುಂಡಿಯ ಅಂಚಿನಲ್ಲಿ ಕೂತಳು. ಮಣ್ಣಿನ ಉಪ್ಪು, ಹುಳಿ, ಸಾರ ಎಲ್ಲವನ್ನೂ ಅಳೆದು ಗೊತ್ತಿದ್ದವಳು ಮಣ್ಣಿನ ಬಿಗಿಯನ್ನು ಮರೆತಿದ್ದಳು. ಕೇಂದ್ರಕ್ಕೆ ಬರುವ ಮಣ್ಣೆಲ್ಲ ಪುಡಿ ಮಾಡಿ ಪೊಟ್ಟಣ ಕಟ್ಟಿದ್ದು. ಹೊಲದಲ್ಲಿ ಅದು ಹೇಗೆ ಕೂತಿತ್ತು ಎಂದು ಪೊಟ್ಟಣ ಹೇಳುವುದಿಲ್ಲ. ಸಂಕಟವಾಯಿತು, ನಿಜ. ಆದರೆ ಅದರ ಬೆನ್ನಿಗೇ ಒಂದು ಬಗೆಯ ಹುರುಪೂ ಬಂತು. ತಪ್ಪು ಎಲ್ಲಿದೆ ಎಂದು ಕೈಗೆ ಸಿಕ್ಕಿತ್ತು.

“ನಾಲ್ಕನೇದೂ ಬರೀತೀನಿ,” ಎಂದಳು. “ಗುಂಡಿ ಫೋಟೊ ತೆಗಿ ಸಿದ್ದೇಶ. ಅಡಿಕೋಲು ಪಕ್ಕದಲ್ಲಿಟ್ಟು ತೆಗಿ.”

ಡಿಸೆಂಬರಿನ ಸಭೆಯಲ್ಲಿ ಏಳು ಜನ ಇದ್ದರು. ಅವಳು ನಾಲ್ಕು ಪಟ್ಟಿಯದನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಎರಡಡಿಯ ಲೆಕ್ಕ ಬಂದಾಗ ಪರಮೇಶ್ ಕುರ್ಚಿಯಿಂದ ಅರ್ಧ ಎದ್ದ.

“ನೋಡಿ ಸಾ, ಅವರೇ ಏಳ್ತಾವ್ರೆ. ಮಣ್ಣು ಜಾಸ್ತಿ ಆಕಿದ್ರೆ ಬೆಳೆ ಕಮ್ಮಿ. ಇನ್ನೇನ್ ಬೇಕು?”

“ಜಾಸ್ತಿ ಹಾಕಿದ್ದಕ್ಕಲ್ಲ, ತುಳಿದಿದ್ದಕ್ಕೆ,” ಎಂದು ನೀಲಾಂಬಿಕೆ ಗುಂಡಿಯ ಫೋಟೊ ಮುಂದಿಟ್ಟಳು. “ತಪ್ಪು ನನ್ನದು. ಮಣ್ಣು ಹಾಕೋ ರೀತಿ ನಾನು ಯೋಚನೆ ಮಾಡಿರಲಿಲ್ಲ. ಇನ್ನೊಂದು ವರ್ಷ ಕೊಡಿ, ತುಳಿಯದೆ ಹಾಕಿ ತೋರಿಸ್ತೀನಿ.”

ಫೋಟೊ ಕೈಯಿಂದ ಕೈಗೆ ಹೋಯಿತು. ಹಿರಿಯರೊಬ್ಬರು ಕನ್ನಡಕ ಹಣೆಗೇರಿಸಿ, “ಒಂದೊಂದೇ ಪಟ್ಟಿ ಮಾಡಿದ್ದೀರಿ. ಆ ಜಾಗದ ಗುಣವೇ ಹಾಗಿರಬಹುದಲ್ಲ?” ಎಂದರು. ಆ ಮಾತು ಸರಿಯಾಗಿಯೇ ಇತ್ತು, ಅವಳು ಒಪ್ಪಿಕೊಂಡಳು. ಕೊನೆಗೆ ತೀರ್ಮಾನವಾದದ್ದು ಇಷ್ಟು: ಒಂಬತ್ತು ಎಕರೆಯವರು ಸಹಿ ಹಾಕಿರುವುದರಿಂದ ಅದು ಮುಗಿದ ಕೆಲಸ, ನೀಲಾಂಬಿಕೆಯ ಮತ್ತು ತಿಮ್ಮಪ್ಪನ ಐದೂವರೆ ಎಕರೆ ಒಂದು ವರ್ಷ ಹಾಗೇ ಇರಲಿ. ಅದಾದ ಮೇಲೆ ಅವಕಾಶವಿಲ್ಲ. ಹೊರಗೆ ಬಂದಾಗ ಆಶಾರಾಣಿ, “ಆ ಆರು ಕಿಲೋ ಬಿಟ್ಟಿದ್ದಿದ್ರೆ ಇವತ್ತೇ ಒಂದಡಿ ಮಾಡಿಸಿಬಿಡಬಹುದಿತ್ತು,” ಎಂದರು. “ಬಿಡದೆ ಇದ್ದದ್ದೇ ಒಳ್ಳೇದಾಯ್ತು,” ಎಂದೂ ಸೇರಿಸಿದರು.

ಸಂಕ್ರಾಂತಿ ಕಳೆದ ಮೇಲೆ ಪರಮೇಶ್ ಸಿದ್ದೇಶನ ಅಂಗಡಿಗೆ ಬಂದು ಎರಡು ಗಂಟೆ ಕೂತಿದ್ದನಂತೆ. ಈಗ ಸಹಿ ಹಾಕಿದರೆ ಜಮೀನು ಕೂಡಲೇ ಖಾತೆಗೆ ಬರುತ್ತದೆ, ಮಾರುವುದಿದ್ದರೆ ಮಾರಬಹುದು, ಅಕ್ಕನನ್ನು ನೀನೇ ಒಪ್ಪಿಸು ಎಂದನಂತೆ. ಸಿದ್ದೇಶ ಅದನ್ನು ಅಕ್ಕನಿಗೆ ಹೇಳಿದ್ದು ಮಾರ್ಚಿನಲ್ಲಿ, ಪಟ್ಟಿಗಳಿಗೆ ಗೂಟ ಹೊಡೆಯುವಾಗ.

“ನೀನೇನಂದೆ?”

“ನಾನೇ ಗುಂಡಿ ತೋಡಿದ್ದು, ನಾನೇ ನೋಡಿದ್ದು ಅಂದೆ. ಬೇರು ಅಡ್ಡಕ್ಕೆ ಓಗಿದ್ದು ಕಣ್ಣಲ್ಲೇ ಐತೆ, ಎಂಗ್ ಸೈನ್ ಹಾಕ್ಲಿ ಅಂದೆ.” ಅವನು ಗೂಟದ ಮೇಲೆ ಇನ್ನೊಂದು ಏಟು ಹಾಕಿದ. “ಈ ಸಲ ಏನಾದ್ರೂ ತಪ್ಪಾದ್ರೆ ಮಾತ್ರ ನನ್ನ ಕೇಳ್ಬೇಡ.”

ಈ ಸಲ ಪ್ರತಿ ಆಳಕ್ಕೂ ಎರಡೆರಡು ಪಟ್ಟಿ. ಯಾವುದು ಎಲ್ಲಿ ಎಂಬುದನ್ನು ಚೀಟಿ ಎತ್ತಿ ಗೊತ್ತು ಮಾಡಿದರು. ಆಶಾರಾಣಿಯೇ ಬಂದು ಚೀಟಿ ಎತ್ತಿದರು. ಕಾಲುವೆ ತೋಡುವವರಿಗೆ ಹೇಳಿ ಮೇಲಿನ ಕಪ್ಪು ಮಣ್ಣನ್ನೂ ಕೆಳಗಿನ ಕೆಮ್ಮಣ್ಣನ್ನೂ ಬೇರೆಬೇರೆ ಗುಡ್ಡೆ ಹಾಕಿಸಿದಳು. ಟ್ರ್ಯಾಕ್ಟರ್ ಪಟ್ಟಿಯ ಹೊರಗೆ ನಿಂತೇ ಸುರಿಯಬೇಕು, ಒಂದು ಚಕ್ರವೂ ಒಳಗೆ ಬರಕೂಡದು. ಮೊದಲು ಕೆಮ್ಮಣ್ಣು, ಅದರ ಮೇಲೆ ಕಪ್ಪು ಮಣ್ಣು. ಹರಡುವುದೆಲ್ಲ ಕೈಯಲ್ಲೇ.

ಊರಿನ ಸುವರ್ಣಮ್ಮ ತನ್ನ ಸಂಘದ ಒಂಬತ್ತು ಹೆಂಗಸರನ್ನು ಕರೆದುಕೊಂಡು ಕೂಲಿಗೆ ಬಂದಳು. ಬಾಣಲಿಯಲ್ಲಿ ಮಣ್ಣು ಹೊತ್ತು, ಹಲಗೆಯ ಮೇಲೆ ನಡೆದು, ದೂರದ ತುದಿಯಿಂದ ಹಿಂದಕ್ಕೆ ಹಿಂದಕ್ಕೆ ಸುರಿದುಕೊಂಡು ಬರಬೇಕಿತ್ತು. ಎರಡನೆಯ ದಿನ ಸುವರ್ಣಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಅಲ್ಲ ಕಣಕ್ಕ, ಜೆಸಿಬಿ ಒಂದ್ ಗಂಟೇಲಿ ಮಾಡೋದ್ನ ನಾವು ಹದಿನೈದು ದಿನ ಮಾಡ್ಬೇಕಲ್ಲ. ನಾಳೆ ಎಕ್ರೆಗಟ್ಲೆ ಇಂಗೇ ಮಾಡಕಾಯ್ತದಾ?”

ನೀಲಾಂಬಿಕೆಗೆ ಅದು ಚುಚ್ಚಿತು, ಯಾಕೆಂದರೆ ಸಮಿತಿಯವರು ಕೇಳುವುದೂ ಅದನ್ನೇ. ಅಂದು ಸಂಜೆ ಜೆಸಿಬಿ ಓಡಿಸುವವನನ್ನು ಕರೆದು ಕೇಳಿದಳು: ಹೊರಗೆ ನಿಂತೇ ಕೈ ಚಾಚಿ ಎಷ್ಟು ದೂರ ಹರಡಬಲ್ಲೆ? ಅವನು ಹದಿನೈದು ಅಡಿ ಎಂದ. ಹಾಗಾದರೆ ಅಷ್ಟಗಲ ಹರಡಿ, ಹಿಂದಕ್ಕೆ ಸರಿದು, ಮತ್ತೆ ಅಷ್ಟಗಲ. ಹರಡಿದ್ದರ ಮೇಲೆ ಚಕ್ರ ಹತ್ತಿಸದೆ ಎಷ್ಟು ಎಕರೆ ಬೇಕಾದರೂ ಮುಗಿಸಬಹುದು. ಎರಡಡಿಯ ಒಂದು ಪಟ್ಟಿಯನ್ನು ಹೆಂಗಸರು ಕೈಯಲ್ಲಿ ಮಾಡಿದರು, ಇನ್ನೊಂದನ್ನು ಅವನು ಹಿಂದಕ್ಕೆ ಸರಿಯುತ್ತ ಮಾಡಿದ. ಮುಗಿದಾಗ ಎರಡೂ ಒರಟೊರಟಾಗಿ, ಉಬ್ಬುತಗ್ಗಾಗಿ, ನೋಡಿದವರು ನಗುವಂತಿದ್ದವು. ತಿಮ್ಮಪ್ಪ ಮಾತ್ರ ಕಾಲಿಟ್ಟು ನೋಡಿ, ಹಿಮ್ಮಡಿ ಹೂತದ್ದಕ್ಕೆ ತಲೆಯಾಡಿಸಿದ.

ಮಳೆ ಆ ವರ್ಷವೂ ಆಟವಾಡಿತು. ಹುಬ್ಬೆ ಮಳೆ ಬರಬೇಕಾದ ಹೊತ್ತಿಗೆ ಶುರುವಾಗಿ ಹತ್ತೊಂಬತ್ತು ದಿನ ಬಿಸಿಲು. ನೀಲಾಂಬಿಕೆ ಒಂದು ವಾರ ರಜೆ ಹಾಕಿ ಊರಿನಲ್ಲೇ ಉಳಿದಳು. ದಿನಾ ಬೆಳಗ್ಗೆ ಹೋಗಿ ನೋಡುವುದು, ಬರೆದುಕೊಳ್ಳುವುದು. ಅರ್ಧ ಅಡಿಯವು ಹಿಂದಿನಂತೆಯೇ ಕಂದಿದವು. ಒಂದಡಿಯವು ಕೊನೆಕೊನೆಗೆ ಸೋತವು. ಎರಡಡಿಯವು ಮಧ್ಯಾಹ್ನದ ಬಿಸಿಲಿನಲ್ಲೂ ಎಲೆ ಬಿಚ್ಚಿಕೊಂಡೇ ನಿಂತಿದ್ದವು. ಹದಿನೇಳನೆಯ ದಿನ ಒಂದು ಪೈರಿನ ಬುಡ ಅಗೆದು ನೋಡಿದಳು. ಬೇರು ನೆಟ್ಟಗೆ ಕೆಳಕ್ಕೆ ಇಳಿದಿತ್ತು. ಮೊಳದಾಳದ ಕೆಮ್ಮಣ್ಣು ಬೆರಳಿಗೆ ತಣ್ಣಗೆ ಹತ್ತಿತು. ಅವಳು ಯಾರಿಗೂ ಹೇಳದೆ ಆ ಗುಂಡಿಯನ್ನು ಹಾಗೆಯೇ ಮುಚ್ಚಿದಳು. ತೂಕವಾಗುವವರೆಗೆ ಬಾಯಿ ಬಿಡಬಾರದೆಂದು ತನಗೆ ತಾನೇ ಹೇಳಿಕೊಂಡಿದ್ದಳು.

ನವೆಂಬರ್ ಕೊನೆಗೆ ತೂಕವಾಯಿತು. ಆಶಾರಾಣಿ ಎದುರಿಗೇ ಇದ್ದರು. ಅರ್ಧ ಅಡಿಯ ಪಟ್ಟಿಗೆ ಸರಾಸರಿ ಮೂರು ಕಿಲೋ, ಒಂದಡಿಯದಕ್ಕೆ ಹತ್ತು. ಎರಡಡಿಯಲ್ಲಿ ಕೈಯಲ್ಲಿ ಹರಡಿದ್ದಕ್ಕೆ ಹದಿನಾಲ್ಕೂವರೆ, ಜೆಸಿಬಿ ಹರಡಿದ್ದಕ್ಕೆ ಹದಿನಾಲ್ಕು. ಕೆರೆ ಕೆಳಗಿನ ತಿಮ್ಮಪ್ಪನ ಹೊಲದಲ್ಲಿ ಅಷ್ಟೇ ಅಳತೆಯ ಜಾಗದಲ್ಲಿ ಬಂದದ್ದು ಹದಿನೈದು.

“ಅಯ್ಯೋ, ನನ್ನ ಒಲದ್ ಮಾನ ಅರ್ಧ ಕಿಲೋದಲ್ಲಿ ಉಳೀತಲ್ಲಪ್ಪ!” ಎಂದು ತಿಮ್ಮಪ್ಪ ಹಣೆ ಚಚ್ಚಿಕೊಂಡ. ಅಂಗಳದಲ್ಲಿದ್ದವರೆಲ್ಲ ನಕ್ಕರು. ನೀಲಾಂಬಿಕೆ ನಗಲು ಹೋಗಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಕಾಳಿನಲ್ಲಿ ಲೋಹದ ಅಂಶವಿದೆಯೇ ಎಂದು ನೋಡಲು ಬೇರೆ ಕಡೆಯ ಪ್ರಯೋಗಾಲಯಕ್ಕೆ ಕಳಿಸಿದರು. ಎರಡಡಿಯ ರಾಗಿ ತಿನ್ನಲು ಯೋಗ್ಯ, ಅರ್ಧ ಅಡಿಯದು ಅಲ್ಲ ಎಂದು ವರದಿ ಬಂತು. ಸಭೆಯಲ್ಲಿ ಈ ಸಲ ಮಾತು ಹೆಚ್ಚು ಬೆಳೆಯಲಿಲ್ಲ. ಐದೂವರೆ ಎಕರೆಗೆ ಎರಡಡಿ ಮಣ್ಣು, ಕೆಮ್ಮಣ್ಣಿನ ಮೇಲೆ ಮೇಲ್ಮಣ್ಣು, ಹರಡಿದ್ದರ ಮೇಲೆ ಯಂತ್ರ ಹತ್ತಬಾರದು, ಜಮೀನಿನವರು ಹಾರೆ ಹಾಕಿ ನೋಡಿದ ಮೇಲೆಯೇ ಸಹಿ ಎಂದು ಬರೆದರು. ಕೆಲಸ ಮತ್ತೆ ಪರಮೇಶನಿಗೇ ಸಿಕ್ಕಿತು. ಅವನು ಮುಖ ಸಿಂಡರಿಸಿಕೊಂಡೇ ಮಾಡಿದ. ಆದರೂ ಸರಿಯಾಗಿಯೇ ಮಾಡಿದ. ದಿನಾ ಬಂದು ನಿಲ್ಲುತ್ತಿದ್ದ ತಿಮ್ಮಪ್ಪನ ಮುಂದೆ ಬೇರೆ ದಾರಿ ಇರಲಿಲ್ಲ.

ಒಂಬತ್ತು ಎಕರೆಯದು ಮಾತ್ರ ಕಡತದಲ್ಲಿ ‘ಪರಿಶೀಲನೆಯಲ್ಲಿದೆ’ ಎಂದು ಉಳಿಯಿತು. ಅಲ್ಲಿ ಹುರುಳಿ ಸತ್ತು ಪಾರ್ಥೇನಿಯಂ ಎದ್ದಿತ್ತು.

ಯುಗಾದಿ ಕಳೆದ ಮೊದಲ ಭಾನುವಾರ ನೀಲಾಂಬಿಕೆ ಬಸ್ಸಿಳಿದಾಗ ಆ ಒಂಬತ್ತು ಎಕರೆಯ ನಾಲ್ಕು ಮನೆಯವರು ಅರಳಿಕಟ್ಟೆಯ ಹತ್ತಿರ ಕಾಯುತ್ತಿದ್ದರು. ಎರಡು ವರ್ಷದ ಕೆಳಗೆ, ಓದಿದವಳ ತಲೆಹರಟೆ ಎಂದು ಆಡಿಕೊಂಡವರೂ ಅದರಲ್ಲಿದ್ದರು. ಕಾಮಾಕ್ಷಮ್ಮ ಎಂಬ ಮುದುಕಿ ಮುಂದೆ ಬಂದಳು.

“ನಾವು ಸೈನ್ ಆಕ್ಬುಟ್ಟಿದ್ದೀವಿ ಕಣವ್ವ. ಇನ್ನೇನೂ ಆಗಾಕಿಲ್ವಾ?”

ಆಗುತ್ತದೋ ಇಲ್ಲವೋ ನೀಲಾಂಬಿಕೆಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು, ಬಾಯಿಮಾತಿನಿಂದ ಆಗುವುದಿಲ್ಲ ಎಂಬುದು. ಅವಳು ಬ್ಯಾಗನ್ನು ಕಟ್ಟೆಯ ಮೇಲಿಟ್ಟು ಹೊಸ ನೋಟ್‌ಬುಕ್ ತೆಗೆದಳು.

“ನಿಮ್ಮ ಹೊಲದಲ್ಲಿ ಎಲ್ಲೆಲ್ಲಿ ಮಣ್ಣು ಎಷ್ಟೆಷ್ಟು ಉಳಿದಿದೆ ಅಂತ ಮೊದಲು ಅಳೀಬೇಕು. ಕಡಿಮೆ ಅಂದ್ರೂ ನಲವತ್ತು ಗುಂಡಿ. ಅಗೆಯೋರು ಯಾರ್ಯಾರು ಬರ್ತೀರಾ, ಹೇಳಿ.”

ಕಾಮಾಕ್ಷಮ್ಮ ಹಿಂದಕ್ಕೆ ತಿರುಗಿ ತನ್ನ ಇಬ್ಬರು ಗಂಡುಮಕ್ಕಳನ್ನೂ ನೋಡಿದಳು. ಅವರು ಪಂಚೆ ಎತ್ತಿಕಟ್ಟಿದರು.